ಬ್ರೇಕು ಗಟ್ಟಿ ಇದೆ

ನಳಿನಾಕ್ಷಿಯವರು ನನ್ನ ಜೀಪನ್ನು ಕೊಳ್ಳಲು ಬಂದದ್ದು ನಾನು ಅದಕ್ಕೆ ಹೊಸ ಕ್ಲಚ್ ಪ್ಲೇಟು ಹಾಕಿಸಿದ ಮೂರನೇ ದಿನ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೊನ್ನಾಂಬ ಮುದಿ ಗಾಡಿಗೆ ಬಣ್ಣ ಬಳಿದು ಯಾರೋ ಪಾಪದ ಹೆಂಗಸಿನ ತಲೆಗೆ ಕಟ್ಟಿದಳು ಅಂತ ಆಮೇಲೆ ಊರಿನಲ್ಲಿ ಕೆಲವರು ನನ್ನ ಬಗ್ಗೆ ಆಡಿಕೊಂಡರು. ಬಣ್ಣ ಬಳಿದದ್ದು ನಿಜ, ಆದರೆ ಅದು ಅಪ್ಪನ ಕಾಲದಿಂದಲೂ ಯುಗಾದಿಗೊಂದು ಸಲ ಬಳಿಯುವ ಬಣ್ಣ. ಗಾಡಿಯ ವಿಷಯದಲ್ಲಿ ನಾನು ಅವರಿಗೆ ಒಂದೇ ಒಂದು ಸುಳ್ಳು ಹೇಳಲಿಲ್ಲ. ಅವರನ್ನು ಸಾವಿನ ಬಾಯಿಗೆ ಕಳಿಸಿದ್ದು ನಾನು ಹೇಳಿದ ಒಂದು ನಿಜ.

ನಮ್ಮೂರಿನ ದಾರಿಗಳೆಲ್ಲ ಏರು. ಹೋಗುವಾಗಲೂ ಏರು, ಬರುವಾಗಲೂ ಏರು. ಮನೆಯಿಂದ ಸಂತೆಮಾಳಕ್ಕೆ ಏರಿಕೊಂಡು ಹೋದವರು ಸಂತೆಮಾಳದಿಂದ ಮನೆಗೆ ಏರಿಕೊಂಡೇ ಬರಬೇಕು. ಅದಕ್ಕೇ ನಮ್ಮಲ್ಲಿ ಐವತ್ತು ಹೆಜ್ಜೆಗೊಂದು ಕಲ್ಲುಬೆಂಚು. ಮನೆಗೆ ಬಂದವರನ್ನು ನೀರು ಕೊಡುವ ಮೊದಲು ಮಾತಾಡಿಸುವುದು ಮರ್ಯಾದೆಯಲ್ಲ. ಜಗಳಗಳೂ ಮನೆಯೊಳಗೇ ನಡೆಯುತ್ತವೆ, ಬೀದಿಯಲ್ಲಿ ಜಗಳ ಆಡುವಷ್ಟು ಉಸಿರು ಯಾರಿಗೂ ಉಳಿದಿರುವುದಿಲ್ಲ. ಹೊರಗಿನಿಂದ ಬಂದವರು ಮೊದಲನೇ ದಿನ ತಲೆ ತಿರುಗುತ್ತಿದೆ ಅನ್ನುತ್ತಾರೆ, ಎರಡನೇ ದಿನ ಸುಮ್ಮನಾಗುತ್ತಾರೆ. ಇಳಿಯುವುದು ಅಂದರೆ ನಮಗೆ ಗಾಡಿಯಿಂದ ಇಳಿಯುವುದು, ಮಂಚದಿಂದ ಇಳಿಯುವುದು, ಮೈಯ ಜ್ವರ ಇಳಿಯುವುದು. ಊರಿನಿಂದ ಮೂರು ಮೈಲಿ ಏರಿದರೆ ತುದಿ ಸಿಗುತ್ತದೆ. ಅಲ್ಲಿಗೆ ನಮ್ಮೂರು ಮುಗಿಯಿತು. ಅದರಾಚೆಯದನ್ನೆಲ್ಲ ನಾವು ಕೆಳಗೆ ಅನ್ನುತ್ತೇವೆ. ದಿನಾ ತುದಿ ದಾಟಿ ಟಪಾಲು ತರುವ ಅಂಚೆಯ ಮಾದಯ್ಯನನ್ನು ಬಿಟ್ಟರೆ ಅಲ್ಲಿಗೆ ಹೋಗುವವರು ಕಡಿಮೆ. ಅಲ್ಲಿ ದಾರಿ ಹೇಗಿರುತ್ತದೆ ಅಂತ ಅವನನ್ನು ಕೂರಿಸಿಕೊಂಡು ಕೇಳಿದವರು ಇನ್ನೂ ಕಡಿಮೆ.

ಜೀಪನ್ನು ತಂದದ್ದು ನಮ್ಮಪ್ಪ, ನನಗೆ ಹನ್ನೆರಡು ವರ್ಷವಿದ್ದಾಗ. ಕೆಳಗೆ ಯಾವುದೋ ಹರಾಜಿನಲ್ಲಿ ಹಿಡಿದ ಹಳೆಯ ಮಿಲಿಟರಿ ಗಾಡಿ. ಆಗಲೇ ಅದಕ್ಕೆ ನನಗಿಂತ ಹೆಚ್ಚು ವಯಸ್ಸು. ನಾಲ್ಕು ಚಕ್ರಕ್ಕೂ ಶಕ್ತಿ ಹರಿಸುವ ಸಣ್ಣ ಕೋಲೊಂದು ಗೇರಿನ ಪಕ್ಕದಲ್ಲಿದೆ, ಅದರ ಪಕ್ಕದಲ್ಲಿ ಲೋ ಗೇರಿನದು ಇನ್ನೊಂದು. ನಮ್ಮಲ್ಲಿ ಆ ಎರಡೂ ಸದಾ ಹಾಕಿಯೇ ಇರಬೇಕು, ಇಲ್ಲದಿದ್ದರೆ ಗಾಡಿ ಅಂಗಳ ಬಿಟ್ಟು ಕದಲುವುದಿಲ್ಲ. ಅಪ್ಪನ ಕಾಲು ಸೋತ ಮೇಲೆ ನಾನು ಹತ್ತಿ ಕೂತೆ. ನಲವತ್ತು ವರ್ಷ ಊರಿನ ಬಸುರಿಯರನ್ನು, ಬಾಣಂತಿಯರನ್ನು, ಸಿಮೆಂಟು ಮೂಟೆಗಳನ್ನು, ಮದುವೆ ಗಂಡುಗಳನ್ನು ಅದರಲ್ಲೇ ಹೊತ್ತೆ. ಒಂದು ಸಲ ಎಮ್ಮೆಕರುವನ್ನೂ ಶಾಲೆಯ ಮೇಷ್ಟ್ರನ್ನೂ ಒಂದೇ ಸೀಟಿನಲ್ಲಿ ಕೂರಿಸಿದ್ದೆ, ಮೇಷ್ಟ್ರು ಅದನ್ನು ಇನ್ನೂ ಮರೆತಿಲ್ಲ.

ಹಳೆಯ ಗಾಡಿ ಸಾಕುವುದು ಅಂದರೆ ಅದರ ಹಟಗಳನ್ನು ಕಲಿಯುವುದು. ನನ್ನ ಜೀಪು ಬೆಳಗ್ಗೆ ಕಾಲಿನ ಸ್ಟಾರ್ಟರಿಗೆ ಕೊಟ್ಟ ಮೂರನೇ ಒದೆತಕ್ಕೆ ಹೊರಡುತ್ತದೆ, ಎರಡನೆಯದಕ್ಕೆ ಹೊರಟರೆ ಅವತ್ತು ಏನೋ ಕಾದಿದೆ ಅಂತಲೇ ಅರ್ಥ. ಕಾರ್ಬುರೇಟರಿನಲ್ಲಿ ಕಸ ನಿಂತರೆ ಬಾಯಿ ಹಾಕಿ ಊದಬೇಕು, ಪೆಟ್ರೋಲಿನ ರುಚಿ ಊಟದ ತನಕ ನಾಲಿಗೆಯ ಮೇಲಿರುತ್ತದೆ. ರೇಡಿಯೇಟರ್ ಪ್ರತಿ ಎರಡು ಮೈಲಿಗೆ ಕುದಿಯುತ್ತದೆ, ಆಗ ನೀರು ಸುರಿಯಬಾರದು, ಎಲೆ ಅಡಿಕೆ ಹಾಕಿಕೊಂಡು ಕಾಯಬೇಕು. ನಾಲ್ಕು ತಿಂಗಳಿಗೊಂದು ಕ್ಲಚ್ ಪ್ಲೇಟು ತಿನ್ನುತ್ತದೆ. ನಿಮ್ಮೂರಿನವರು ಅದನ್ನು ಹುರಿದು ತಿನ್ನುತ್ತಾರಾ ಅಂತ ಕೆಳಗಿನ ಅಂಗಡಿಯವನು ಮಾದಯ್ಯನನ್ನು ಕೇಳಿದ್ದನಂತೆ. ಆದರೆ ಅದರ ನಾಲ್ಕನೇ ಗೇರು ಕಾರ್ಖಾನೆಯಿಂದ ಬಂದ ಹಾಗೇ ಇದೆ, ಅದನ್ನು ನಾನು ಯಾವತ್ತೂ ಹಾಕಿದವಳಲ್ಲ. ವೇಗ ತೋರಿಸುವ ಮುಳ್ಳು ಹದಿನೈದು ದಾಟಿದ್ದನ್ನು ನೋಡಿದವಳೂ ಅಲ್ಲ.

ಬ್ರೇಕು ಅಂದರೆ ನಮ್ಮಲ್ಲಿ ಕಲ್ಲು. ಗಾಡಿ ನಿಂತ ಕೂಡಲೇ ಹಿಂದಕ್ಕೆ ಜಾರದ ಹಾಗೆ ಹಿಂದಿನ ಚಕ್ರಕ್ಕೆ ಕೊಡುವ ಕಲ್ಲು. ಕೊನೆಯ ಸೀಟಿನಲ್ಲಿ ಕೂತವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಬರಬೇಕು, ಗಾಡಿ ನಿಲ್ಲುವ ಮೊದಲೇ ಧುಮುಕಿ ಚಕ್ರಕ್ಕೆ ಕೊಡಬೇಕು. ಅವರಿಗೆ ಬ್ರೇಕಿನವರು ಅಂತ ಹೆಸರು, ಬಾಡಿಗೆ ಇಲ್ಲ. ಗಾಡಿಯನ್ನು ನಿಲ್ಲಿಸಲು ಬೇರೇನೂ ಬೇಕಿಲ್ಲ, ಎಕ್ಸಲರೇಟರಿನಿಂದ ಕಾಲು ತೆಗೆದರೆ ಅದೇ ನಿಲ್ಲುತ್ತದೆ. ಕಾರ್ಖಾನೆಯವರು ಚಕ್ರಗಳ ಒಳಗೆ ಕುದುರೆ ಲಾಳದಂಥ ಎರಡೆರಡು ಕಬ್ಬಿಣ ಇಟ್ಟಿರುತ್ತಾರೆ. ದೂರದಿಂದ ಸಾಗಿಸುವಾಗ ಚಕ್ರ ಅಲ್ಲಾಡದಿರಲಿ ಅಂತ ಇಟ್ಟದ್ದು ಎಂದು ನಮ್ಮ ಮೆಕ್ಯಾನಿಕ್ ದಸ್ತಗೀರನ ಅಪ್ಪ ಹೇಳುತ್ತಿದ್ದ. ಊರಿಗೆ ಯಾವ ಗಾಡಿ ಬಂದರೂ ಅವನ ಮೊದಲ ಕೆಲಸ ಆ ಲಾಳಗಳನ್ನು ಬಿಚ್ಚಿ ಎಸೆಯುವುದು, ಅವು ಇದ್ದರೆ ಗಾಡಿಗೆ ಏರು ಭಾರವಾಗುತ್ತದೆ. ಕ್ಲಚ್ಚಿಗೂ ಎಕ್ಸಲರೇಟರಿಗೂ ನಡುವೆ ಇರುವ ಪೆಡಲಿಗೆ ನಾವು ಕಾಲುಮಣೆ ಅನ್ನುತ್ತೇವೆ. ಬಲಗಾಲು ದಣಿದರೆ ಅದರ ಮೇಲಿಡಬಹುದು. ಅದು ಲೊಡಲೊಡ ಅಲ್ಲಾಡಿ ಸದ್ದು ಮಾಡುತ್ತಿತ್ತು ಅಂತ ದಸ್ತಗೀರನ ಅಪ್ಪನೇ ಅಡಿಯಲ್ಲಿ ಒಂದು ಮರದ ತುಂಡನ್ನು ಬಿಗಿದು ಕೂರಿಸಿದ್ದ.

ಜೀಪು ಇನ್ನೂ ಓಡುತ್ತಿತ್ತು, ಓಡದೆ ಹೋದದ್ದು ನನ್ನ ಎಡ ಮಂಡಿ. ನಲವತ್ತು ವರ್ಷ ಕ್ಲಚ್ ಒತ್ತಿದ ಮಂಡಿ, ಸುಮ್ಮನೆ ಬಿಡುತ್ತದೆಯೇ? ಕಾಲು ಮಡಿಸಿ ಕೂರಲಾರದೆ, ಕೂತರೆ ಏಳಲಾರದೆ ಆದೆ. ಊರಿನಲ್ಲಿ ಅದನ್ನು ನಡೆಸಲು ಮನಸ್ಸಿದ್ದವರಿಗೆ ಅದನ್ನು ಸಾಕುವ ತಾಳ್ಮೆ ಇರಲಿಲ್ಲ. ಅಂಗಳದಲ್ಲಿ ಕೋಳಿಗೂಡಾಗಿ ತುಕ್ಕು ಹಿಡಿಯುವುದನ್ನು ನೋಡುವುದಕ್ಕಿಂತ ಗಾಡಿ ಗೊತ್ತಿರುವವರ ಕೈಗೆ ಕೊಡುವುದು ಮೇಲು ಅನ್ನಿಸಿತು. ಹಳೆಯ ಜೀಪೊಂದಿದೆ, ಪ್ರೀತಿ ಇರುವವರು ಬಂದು ನೋಡಬಹುದು ಅಂತ ಮಾದಯ್ಯನ ಕೈಲಿ ಒಂದು ಚೀಟಿ ಬರೆದು ಕಳಿಸಿದೆ. ಎರಡು ತಿಂಗಳಾದ ಮೇಲೆ ನಳಿನಾಕ್ಷಿಯವರು ಒಂದು ಕೈಚೀಲ ಹಿಡಿದುಕೊಂಡು, ತುದಿಯಿಂದ ನಡೆದುಕೊಂಡೇ ಬಂದರು.

ಅವರಿಗೆ ಅರವತ್ತರ ಮೇಲಾಗಿತ್ತು. ಘಟ್ಟದ ಹಳ್ಳಿಗಳಲ್ಲಿ ಮೂವತ್ತು ವರ್ಷ ನರ್ಸಾಗಿ, ಲಸಿಕೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಇಂಥದೇ ಜೀಪನ್ನು ತಾವೇ ನಡೆಸಿದವರು. ಡ್ರೈವರ್ ರಜೆ ಹಾಕಿದ ಒಂದು ದಿನ ಕೀಲಿ ತೆಗೆದುಕೊಂಡದ್ದು, ಆಮೇಲೆ ವಾಪಸ್ಸು ಕೊಡಲೇ ಇಲ್ಲ ಅಂತ ನಕ್ಕರು. ನಿವೃತ್ತಿಯ ಮೇಲೆ ಕಾರು ತಗೊಂಡರಂತೆ, ಅದರಲ್ಲಿ ಕೂತರೆ ಯಾರದೋ ಮನೆಯ ಸೋಫಾದಲ್ಲಿ ಕೂತ ಹಾಗಾಗುತ್ತದಂತೆ. ಬಾನೆಟ್ಟು ಎತ್ತಿ ನೋಡಿದರು, ಗೇರ್ ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು, ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ಒಂದೊಂದಾಗಿ ತಟ್ಟಿ ಕೇಳಿದರು. ನಮ್ಮಲ್ಲಿ ಗಾಡಿಯ ಅಡಿಯಲ್ಲಿ ಯಾರೂ ಮಲಗುವುದಿಲ್ಲ, ಏರಿನ ಮೇಲೆ ಅದು ಸಾವಿಗೆ ಹಾಸಿಗೆ ಹಾಸಿದ ಹಾಗೆ, ಆದ್ದರಿಂದ ಅಡಿಗೆ ಹೋಗಲು ನಾನೇ ಬಿಡಲಿಲ್ಲ. ಗೇರಿನ ಹತ್ತಿರ ಒಂದು ಕೋಲು ಕಿತ್ತ ತೂತು ಕಂಡು, ಕೈಯದು ಹೋಗಿದೆ, ಇರಲಿ, ಊರಿಗೆ ಹೋದ ಮೇಲೆ ಹಾಕಿಸುತ್ತೇನೆ ಅಂದರು. ಅದು ಕೈಬ್ರೇಕಿನ ಮಾತು ಅಂತ ನನಗೆ ಆಗ ತಿಳಿಯಲಿಲ್ಲ. ಆಮೇಲೆ ಕಾಲುಮಣೆಯನ್ನು ಎರಡು ಸಲ ಒತ್ತಿ ನೋಡಿ ನನ್ನ ಕಡೆ ತಿರುಗಿದರು.

"ಬ್ರೇಕು ಹೇಗಿದೆ?"

"ಗಟ್ಟಿ ಇದೆ. ಹೋದ ವರ್ಷ ಹೊಸದು ತಂದದ್ದು," ಅಂದೆ.

"ಹೌದು, ಒಳ್ಳೇ ಕಲ್ಲಿನ ಹಾಗಿದೆ."

"ಕಲ್ಲೇ ಕಣಮ್ಮ," ಅಂದೆ ನಾನು ಹೆಮ್ಮೆಯಿಂದ. ಅವರು ಜೋರಾಗಿ ನಕ್ಕರು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದೆ.

ಓಡಿಸಿ ನೋಡಲು ಅವರೇ ಕೂತರು. ನಾನು ಪಕ್ಕದಲ್ಲಿ, ದಸ್ತಗೀರ ಬ್ರೇಕಿನವನಾಗಿ ಹಿಂದೆ. ಸಂತೆಮಾಳದ ತನಕ ಏರಿದೆವು, ಅಲ್ಲಿಂದ ಮನೆಗೆ ಏರಿದೆವು. ಅವರ ಕೈ ಚೆನ್ನಾಗಿತ್ತು. ಗೇರಿಗೆ ನೋವಾಗದ ಹಾಗೆ ಹಾಕುತ್ತಿದ್ದರು, ಇಂಜಿನ್ನಿನ ಮಾತು ಕೇಳಿಕೊಂಡು ಕಾಲು ಕೊಡುತ್ತಿದ್ದರು. ನಿಲ್ಲಿಸುವ ಕಡೆ ಎಕ್ಸಲರೇಟರಿನಿಂದ ಕಾಲು ತೆಗೆದು ಕಾಲುಮಣೆಯ ಮೇಲಿಟ್ಟರು, ಗಾಡಿ ಎಂದಿನ ಹಾಗೆ ನಿಂತಿತು. ದಸ್ತಗೀರ ಹಿಂದಿನಿಂದ, ಬ್ರೇಕು ಹಾಕಲಾ ಅಂತ ಕೇಳಿದ. ಹಾಕಿದ್ದೀನಲ್ಲ ಅಂದರು ಅವರು. ಅವನು ನನ್ನ ಮುಖ ನೋಡಿದ, ನಾನು ಕಣ್ಣಲ್ಲೇ ಹಾಕು ಅಂದೆ, ಅವನು ಇಳಿದು ಕಲ್ಲು ಕೊಟ್ಟ. ಇಷ್ಟು ಹೊತ್ತಿನಲ್ಲಿ ಮೂವರಲ್ಲಿ ಒಬ್ಬರು ಇನ್ನೊಂದು ಪ್ರಶ್ನೆ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗೊತ್ತಿರುವವರು ಪ್ರಶ್ನೆ ಕೇಳುವುದಿಲ್ಲ, ಅಲ್ಲಿದ್ದ ಮೂವರೂ ಗಾಡಿ ಗೊತ್ತಿದ್ದವರೇ.

ಬೆಲೆಯ ಮಾತು ನಿಂತಲ್ಲೇ ಮುಗಿಯಿತು. ಅವರು ಆ ದಿನ ನಮ್ಮ ಮನೆಯಲ್ಲೇ ಉಳಿದು ಮರುದಿನ ಬೆಳಗಿನ ತಿಂಡಿ ಮುಗಿಸಿ ಹೊರಟರು. ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಮೂರನೇ ಒದೆತದ ವಿಷಯ, ಕಾರ್ಬುರೇಟರಿನ ವಿಷಯ, ಕುದಿದಾಗ ಕಾಯುವ ವಿಷಯ, ಮಳೆಯಲ್ಲಿ ಎಡಗಡೆಯ ವೈಪರನ್ನು ಕೈಯಿಂದ ತಿರುಗಿಸುವ ವಿಷಯ. ಬಾನೆಟ್ಟಿನ ಮೇಲೆ ಕೈಯಿಟ್ಟೆ, ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು. ನಳಿನಾಕ್ಷಿಯವರು ಬೇರೆ ಕಡೆ ನೋಡುತ್ತಾ ನಿಂತರು. ಅದಕ್ಕೇ ಅವರು ನನಗೆ ಹಿಡಿಸಿದ್ದು. ಮೂರನೇ ಒದೆತಕ್ಕೆ ಗಾಡಿ ಹೊರಟಿತು, ಏರಿಕೊಂಡು ಬೀದಿ ತಿರುಗಿತು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ, ಅತ್ತದ್ದು ಯಾರಿಗೂ ಗೊತ್ತಾಗುವುದು ಬೇಡ ಅಂತ.

ಮತ್ತೆ ಹೊರಗೆ ಬಂದಾಗ ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಕಲ್ಲು ಬಿದ್ದಿತ್ತು. ಹೊರಡುವಾಗ ದಸ್ತಗೀರ ಚಕ್ರದಿಂದ ತೆಗೆದು ಪಕ್ಕಕ್ಕಿಟ್ಟದ್ದು, ಗಾಡಿಗೆ ಎತ್ತಿ ಹಾಕಲು ಮರೆತಿದ್ದ. ನನಗೆ ಮೈಯೆಲ್ಲ ಉರಿಯಿತು. ಅಷ್ಟೆಲ್ಲ ಹೇಳಿಕೊಟ್ಟು ಬ್ರೇಕನ್ನೇ ಬಿಟ್ಟು ಕಳಿಸಿದ್ದೇನಲ್ಲ, ಗಾಡಿ ಕುದ್ದು ನಿಂತಾಗ ಆ ಹೆಂಗಸು ಏನು ಕೊಟ್ಟಾಳು ಚಕ್ರಕ್ಕೆ? ದಸ್ತಗೀರನ ಅಂಗಡಿಗೆ ಹೋಗಿ ಬೈದೆ. ಅವನು ತಲೆ ಕೆರೆದುಕೊಂಡು, ಅವರಿಗೆ ದಾರೀಲಿ ಕಲ್ಲಿಗೇನು ಬರ ಅಕ್ಕ ಅಂದ. ಬರ ಇಲ್ಲದಿರಬಹುದು, ಗಾಡಿ ಕೊಟ್ಟ ಮೇಲೆ ಅದರ ಬ್ರೇಕು ಕೊಡದೆ ಇಟ್ಟುಕೊಂಡಳು ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಹೇಗೂ ಎರಡು ಮೈಲಿಗೆ ಕುದಿಯುತ್ತದೆ, ಅಲ್ಲಿ ಸಿಗುತ್ತಾರೆ. ಕಲ್ಲನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೇರಿಸಿಕೊಂಡು ಹೊರಟೆ. ಕುಂಟುತ್ತಾ ಏರುತ್ತಿದ್ದ ನನ್ನನ್ನು ಕಂಡು ಬೆಂಚುಗಳ ಮೇಲೆ ಕೂತವರು, ಹೊನ್ನಕ್ಕ ಯಾರ ಮಗುವನ್ನು ಎತ್ತಿಕೊಂಡು ಹೋಗ್ತಿದ್ದೀಯ ಅಂತ ಕೇಳಿದರು. ಉಸಿರು ಉಳಿಸಿಕೊಳ್ಳಲು ಉತ್ತರ ಕೊಡಲಿಲ್ಲ.

ಮೈಲಿಯೊಂದು ಕಳೆದಾಗ ಮಾದಯ್ಯ ಬೆಂಚಿನ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ, ತುದಿಯಿಂದ ಟಪಾಲು ಹೊತ್ತು ಬರುತ್ತಿದ್ದವನು. ಜೀಪು ಎದುರಾಯಿತಾ ಅಂತ ಕೇಳಿದೆ. ಆಗಲೇ ದಾಟಿ ಹೋಯಿತು, ಅಮ್ಮ ಕೈ ಬೀಸಿದರು ಅಂದ. ಅವರು ಬ್ರೇಕು ಬಿಟ್ಟು ಹೋಗಿದ್ದಾರೆ ಅಂತ ಸೆರಗು ಬಿಚ್ಚಿ ಕಲ್ಲು ತೋರಿಸಿದೆ. ಮಾದಯ್ಯ ನಗಲು ಶುರುಮಾಡಿದ.

"ಕೆಳೀಕೆ ಹೋಗೋರ್ಗೆ ಕಲ್ಲು ಯಾಕವ್ವ? ಅಲ್ಲಿ ದಾರಿ ಇಳೀತದೆ. ಗಾಡಿ ಹಿಂದುಕ್ ಜಾರಲ್ಲ, ಮುಂದ್ಮುಂದುಕ್ಕೇ ನುಗ್ತದೆ. ಕಾಲಲ್ಲಿ ಅದುಮಿ ಅದುಮಿ ಹಿಡ್ಕೊಂಡೇ ಹೋಗ್ಬೇಕು."

"ಏನನ್ನ ಅದುಮೋದು?"

"ಅದೇ, ನಡೂಗಡೆ ಪೆಡಲ್ಲು. ಕೆಳಗೆ ಎಲ್ರೂ ಅದನ್ನೇ ಬ್ರೇಕು ಅನ್ನೋದು. ಅದುಮುದ್ರೆ ಚಕ್ರದೊಳಗೆ ಎಂತದೋ ಲಾಳ ಕಚ್ಕೊತದಂತೆ."

ಹೇಳಿ ಮುಗಿಸುವಷ್ಟರಲ್ಲಿ ಅವನ ನಗು ನಿಂತಿತ್ತು. ಲಾಳಗಳು ಎಲ್ಲಿ ಹೋದವು ಅಂತ ಅವನಿಗೂ ಗೊತ್ತಿತ್ತು, ನಮ್ಮೂರಿನಲ್ಲಿ ಅದು ಯಾರಿಗೆ ಗೊತ್ತಿಲ್ಲ? ತುದಿಯಾಚೆ ಏಳು ತಿರುವು ಇವೆ, ಒಂದೊಂದು ತಿರುವಿನ ಹೊರಮೈಗೂ ಪ್ರಪಾತ ಅಂದ. ಕಲ್ಲೇ ಕಣಮ್ಮ ಅಂದಾಗ ನಕ್ಕಿದ್ದ ನಳಿನಾಕ್ಷಿಯವರ ಮುಖ ಕಣ್ಣಿಗೆ ಕಟ್ಟಿತು. ಬ್ರೇಕು ಹೇಗಿದೆ ಅಂತ ಅವರು ಕೇಳಿದ್ದರು. ಗಟ್ಟಿ ಇದೆ ಅಂತ ನಾನು ಹೇಳಿದ್ದೆ.

ಓಡಿದೆ. ಅರವತ್ತಕ್ಕೆ ಒಂದು ಕಮ್ಮಿಯಾದ ವಯಸ್ಸಿನಲ್ಲಿ, ಮಡಿಸಲಾಗದ ಮಂಡಿಯಲ್ಲಿ, ಹೇಗೆ ಓಡಿದೆ ಅಂತ ಕೇಳಬೇಡಿ. ಮಾದಯ್ಯ ಚೀಲವನ್ನು ಬೆಂಚಿನ ಕೆಳಗೆ ತಳ್ಳಿ, ಜನರನ್ನು ಕರೆತರುತ್ತೇನೆ ಅಂತ ಊರಿನ ಕಡೆ ಏರಿದ. ಎರಡನೇ ಮೈಲಿಯ ತಿರುವಿನಲ್ಲಿ ಮಣ್ಣು ಒದ್ದೆಯಾಗಿತ್ತು. ಗಾಡಿ ಕುದ್ದು, ಅವರು ಕಾದು, ನೀರು ತುಂಬಿಸಿ ಹೋಗಿಯಾಗಿತ್ತು. ನಾನು ಹೇಳಿದ ಪ್ರತಿಯೊಂದು ಮಾತನ್ನೂ ಅವರು ಪಾಲಿಸಿದ್ದರು. ಅದನ್ನು ಕಂಡು ನನಗೆ ಅಳು ಬಂತು, ಹೀಗೆ ನಂಬುವವರನ್ನು ಕಳಿಸಿದೆನಲ್ಲ ಅಂತ. ಕಲ್ಲು ಇನ್ನೂ ಸೊಂಟದಲ್ಲೇ ಇತ್ತು. ಅದನ್ನು ಎಸೆದರೆ ಬೇಗ ಏರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ತುದಿಯಲ್ಲಿ ಒಂದು ಸಣ್ಣ ಮೋರಿಕಟ್ಟೆ ಇದೆ. ನಳಿನಾಕ್ಷಿಯವರು ಅದರ ಮೇಲೆ ಕೂತಿದ್ದರು. ಒಂದು ಕರವಸ್ತ್ರವನ್ನು ತುಟಿಗೆ ಒತ್ತಿಕೊಂಡಿದ್ದರು, ಅದರಲ್ಲಿ ರಕ್ತವಿತ್ತು. ಅವರ ಹಿಂದೆ ಇಪ್ಪತ್ತು ಅಡಿ ಆಚೆ, ದಾರಿ ಬಗ್ಗಿ ಕಾಣೆಯಾಗುವುದಕ್ಕೆ ಸ್ವಲ್ಪ ಮೊದಲು, ನನ್ನ ಜೀಪು ಮಣ್ಣಿನ ದಿಬ್ಬಕ್ಕೆ ಮೂತಿ ತುರುಕಿ ನಿಂತಿತ್ತು. ಬಲಗಡೆಯ ಮಡ್‌ಗಾರ್ಡು ಮಡಚಿಕೊಂಡಿತ್ತು, ಆ ಕಡೆಯ ದೀಪ ಪುಡಿಯಾಗಿತ್ತು. ಅವರು ಬದುಕಿದ್ದರು. ನಾನು ಅವರ ಎದುರು ನೆಲದ ಮೇಲೆ ಕಾಲು ಚಾಚಿ ಕೂತೆ.

ಘಟ್ಟ ಇಳಿಯುವ ಮೊದಲು ಹತ್ತು ಅಡಿ ಬಿಟ್ಟು ಬ್ರೇಕು ಹಿಡಿದು ನೋಡುವುದು ಅವರ ಮೂವತ್ತು ವರ್ಷದ ರೂಢಿ. ಅವತ್ತೂ ಹಾಗೇ ಮಾಡಿದ್ದರು. ಪೆಡಲು ಕಲ್ಲಿನಂತೆ ಗಟ್ಟಿ ಇತ್ತು, ಗಾಡಿ ಮಾತ್ರ ಹೋಗುತ್ತಲೇ ಇತ್ತು. ಅಲ್ಲಿಯ ತನಕ ಏರಿನ ಭಾರಕ್ಕೆ ಕಚ್ಚಿಕೊಂಡಿದ್ದ ಲೋ ಗೇರು ಭಾರ ಹೋದ ಕೂಡಲೇ ತಾನಾಗಿ ಕಳಚಿಕೊಂಡಿತು. ಎಡಕ್ಕೆ ಪ್ರಪಾತ, ಬಲಕ್ಕೆ ದಿಬ್ಬ, ಅವರು ದಿಬ್ಬಕ್ಕೆ ಹೊಡೆದರು. ಎರಡನೇ ಮೈಲಿಯಲ್ಲಿ ಕುದ್ದು ನಿಂತಾಗ ಗಾಡಿಯನ್ನು ಲೋ ಗೇರಿನ ಹಿಡಿತದಲ್ಲೇ ಬಿಟ್ಟಿದ್ದರಿಂದ ಅದು ಜಾರಿರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಅವರು ನನ್ನನ್ನು ನೋಡಿದರು. ನರ್ಸುಗಳು ರೋಗಿಯನ್ನು ನೋಡುವ ಹಾಗೆ, ಇವಳಿಗೆ ಏನಾಗಿದೆ ಎಂಬಂತೆ.

"ನೀವು ಸುಳ್ಳು ಹೇಳೋರ ಹಾಗೆ ಕಾಣಲಿಲ್ಲ," ಅಂದರು. ತುಟಿ ಊದಿದ್ದರಿಂದ ಮಾತು ದಪ್ಪಗಿತ್ತು. "ಬ್ರೇಕು ಗಟ್ಟಿ ಇದೆ ಅಂದ್ರಿ. ಯಾಕೆ ಹಾಗಂದ್ರಿ?"

ಸೆರಗು ಬಿಚ್ಚಿ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದೆ.

"ಇದೇ ಕಣಮ್ಮ ಬ್ರೇಕು," ಅಂದೆ. "ನಮಗೆ ಗೊತ್ತಿರೋ ಬ್ರೇಕು ಇದೊಂದೇ. ಬಿಟ್ಟು ಹೋಗಿದ್ರಿ ಅಂತ ತಂದೆ."

ಅವರು ಕಲ್ಲನ್ನು ನೋಡಿದರು, ನಾನು ಏರಿ ಬಂದ ದಾರಿಯನ್ನು ನೋಡಿದರು, ನನ್ನ ಕಾಲನ್ನು ನೋಡಿದರು. ಆಮೇಲೆ ಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಕಟ್ಟೆಯ ಮೇಲಿಟ್ಟರು. ಚೀಲದಿಂದ ನೀರಿನ ಸೀಸೆ ತೆಗೆದು, ಮೊದಲು ಕುಡೀರಿ, ಆಮೇಲೆ ಮಾತಾಡೋಣ ಅಂದರು. ಒಂದೇ ದಿನದಲ್ಲಿ ನಮ್ಮೂರಿನ ಮರ್ಯಾದೆ ಕಲಿತಿದ್ದರು. ನಾನು ನೀರು ಕುಡಿದು ಎಲ್ಲವನ್ನೂ ಹೇಳಿದೆ, ಲಾಳದ್ದು, ಮರದ ತುಂಡಿನದು, ಕಾಲುಮಣೆಯದು. ಹೇಳುತ್ತಾ ಹೇಳುತ್ತಾ ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಲವತ್ತು ವರ್ಷ ನನ್ನ ಗಾಡಿ ಗೊತ್ತು ಅಂತ ಮೆರೆದವಳು ಅದರ ಮೂರು ಪೆಡಲುಗಳಲ್ಲಿ ಒಂದು ಯಾಕಿದೆ ಅಂತ ತಿಳಿದುಕೊಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾದಯ್ಯ, ದಸ್ತಗೀರ, ಹಗ್ಗ ಹಿಡಿದ ಹದಿನೆಂಟು ಜನ ಬಂದರು. ಎಳೆದು ಜೀಪನ್ನು ತುದಿಯ ಈಚೆಗೆ ತಂದು, ಅಲ್ಲಿಂದ ನಮ್ಮ ಅಂಗಳಕ್ಕೆ ಏರಿಸಿದೆವು. ದುಡ್ಡು ವಾಪಸ್ಸು ಕೊಡುತ್ತೇನೆ, ಗಾಡಿ ನನ್ನ ಅಂಗಳದಲ್ಲೇ ಸಾಯಲಿ ಅಂದೆ. ನಳಿನಾಕ್ಷಿಯವರು, ಗಾಡಿ ಏನು ತಪ್ಪು ಮಾಡಿದೆ ಅಂತ ಕೇಳಿದರು. ಬೇಕಾದ ಸಾಮಾನಿನ ಪಟ್ಟಿ ಬರೆದು ಮಾದಯ್ಯನ ಕೈಗೆ ಕೊಟ್ಟರು. ಐದು ದಿನಕ್ಕೆ ಲಾಳಗಳು, ರಬ್ಬರುಗಳು, ತಾಮ್ರದ ಸಣ್ಣ ನಳಿಗೆಗಳು, ಎಣ್ಣೆಯ ಡಬ್ಬಿ ಬಂದವು. ಕೆಳಗಿನ ಅಂಗಡಿಯವನು, ಕೊನೆಗೂ ನಿಮಗೆ ಇದೂ ಬೇಕಾಯ್ತಾ ಅಂದನಂತೆ.

ಮುಂದಿನ ನಾಲ್ಕು ದಿನ ದಸ್ತಗೀರ ಅವರ ಕೈಕೆಳಗೆ ಕೂತು ಬ್ರೇಕು ಕಟ್ಟುವುದನ್ನು ಕಲಿತ. ಮೊದಲ ದಿನ ಅವನು ಬಾಯಿ ಬಿಡಲಿಲ್ಲ, ಅಪ್ಪ ಎಸೆದದ್ದನ್ನು ಮಗ ಕೂರಿಸಬೇಕಾಗಿತ್ತು. ನಳಿನಾಕ್ಷಿಯವರು, ನಿಮ್ಮಪ್ಪ ಊರಿಗೆ ಬೇಕಾದ್ದನ್ನೇ ಮಾಡಿದ್ದಾರೆ, ತಪ್ಪೇನಿಲ್ಲ ಅಂದ ಮೇಲೆ ಅವನ ನಾಲಿಗೆ ಸಡಿಲವಾಯಿತು. ನಳಿಗೆಯಿಂದ ಗಾಳಿ ತೆಗೆಯುವಾಗ ಪೆಡಲು ಒತ್ತುವ ಕೆಲಸ ನನ್ನದು. ಒತ್ತಿ, ಹಿಡ್ಕೊಳ್ಳಿ, ಬಿಡಿ, ಮತ್ತೆ ಒತ್ತಿ ಅಂತ ಅವರು ಚಕ್ರದ ಹತ್ತಿರದಿಂದ ಹೇಳುತ್ತಿದ್ದರು, ಹೆರಿಗೆ ಮಾಡಿಸುವವರ ಗಂಟಲು. ಮರದ ತುಂಡು ಹೋಗಿತ್ತು, ನನ್ನ ಕಾಲಿನಡಿ ಕಾಲುಮಣೆ ಮೆತ್ತಗೆ ತಗ್ಗಿ ಮೇಲೆ ಬರುತ್ತಿತ್ತು. ಜಾಕಿ ಕೊಟ್ಟು ಎತ್ತಿದ ಚಕ್ರವನ್ನು ದಸ್ತಗೀರ ಕೈಯಿಂದ ತಿರುಗಿಸಿದ, ನಾನು ಒತ್ತಿದೆ, ಚಕ್ರ ಗಪ್ಪನೆ ನಿಂತಿತು. ಅದನ್ನು ನೋಡಲು ಊರೇ ನೆರೆಯಿತು. ನಮ್ಮಲ್ಲಿ ತಿರುಗುವ ಚಕ್ರ ಹೇಳಿದ ಕೂಡಲೇ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಮೇಷ್ಟ್ರು ಮೂರು ಸಲ ಮಾಡಿಸಿ ನೋಡಿದರು.

ಹತ್ತನೇ ದಿನ ಮತ್ತೆ ತುದಿಗೆ ಹೋದೆವು. ನಾನು ಬೀಳ್ಕೊಡಲು ಜೊತೆಗೆ ಹೋಗಿದ್ದೆ, ಅಲ್ಲಿ ಇಳಿದುಕೊಳ್ಳುವ ಲೆಕ್ಕ. ನಳಿನಾಕ್ಷಿಯವರು ಗಾಡಿ ನಿಲ್ಲಿಸಿ, ತಾವೇ ಕೆಳಗಿಳಿದು, ಸುತ್ತಿ ಬಂದು ನನ್ನ ಕಡೆಯ ಬಾಗಿಲ ಹತ್ತಿರ ನಿಂತರು.

"ನೀವು ಆ ಕಡೆ ಸರೀರಿ," ಅಂದರು. "ಬ್ರೇಕು ಗಟ್ಟಿ ಇದೆ ಅಂದೋರು ನೀವು. ಮೊದಲ್ನೇ ಇಳಿಜಾರು ನೀವೇ ಇಳಿಸಿ."

ಅವರ ತುಟಿಯ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಮಂಡಿಯ ನೆಪ ಹೇಳಲು ಬಾಯಿ ತೆರೆದೆ. ಇಳಿಯೋವಾಗ ಕ್ಲಚ್ಚಿನ ಕೆಲಸ ಕಮ್ಮಿ ಅಂದರು ಅವರು, ಕೇಳುವ ಮೊದಲೇ. ಸ್ಟಿಯರಿಂಗಿನ ಹಿಂದೆ ಸರಿದು ಕೂತೆ. ಲೋ ಗೇರು ತೆಗೆಯಿರಿ, ಎರಡನೆಯದಕ್ಕೆ ಹಾಕಿ, ಇನ್ನು ಬಿಡಿ ಅಂದರು. ಬಿಟ್ಟೆ.

ಜೀಪು ತಾನಾಗಿ ಹೊರಟಿತು. ನಾನು ಏನನ್ನೂ ಕೊಡಲಿಲ್ಲ, ಬಲಗಾಲು ಎಕ್ಸಲರೇಟರಿನ ಮೇಲೂ ಇರಲಿಲ್ಲ, ಆದರೂ ಅದು ಹೋಗುತ್ತಿತ್ತು. ನಲವತ್ತು ವರ್ಷ ನಾನೂ ಅದೂ ಸೇರಿ ಹಲ್ಲು ಕಚ್ಚಿ ಎಳೆದ ದಾರಿ, ಈಗ ಯಾರೂ ಎಳೆಯದೆ ನಮ್ಮ ಕಡೆಗೇ ಓಡಿ ಬರುತ್ತಿತ್ತು. ದಿಬ್ಬ ದಾಟಿತು, ಮೊದಲ ತಿರುವು ಬಂತು, ತಿರುವಿನ ಆಚೆ ಬರೀ ಗಾಳಿ. ಒತ್ತಿ ಅಂದರು ನಳಿನಾಕ್ಷಿ, ಮೆಲ್ಲಗೆ. ಒತ್ತಿದೆ. ಗಾಡಿಯ ವೇಗ ತಗ್ಗಿತು, ಇನ್ನೂ ತಗ್ಗಿತು, ಗಾಡಿ ನಿಂತಿತು. ಹಿಂದಕ್ಕೆ ಜಾರಲಿಲ್ಲ, ಯಾರೂ ಧುಮುಕಲಿಲ್ಲ. ಇಷ್ಟು ವರ್ಷ ಅದು ಸಾಕಾದಾಗ ನಿಲ್ಲುತ್ತಿತ್ತು, ನಾನು ನಿಲ್ಲು ಅಂದದ್ದಕ್ಕೆ ನಿಂತದ್ದು ಅದೇ ಮೊದಲು. ನನಗೆ ಅಳು ತಡೆಯಲಿಲ್ಲ. ಪಕ್ಕದಲ್ಲಿದ್ದವರು ಈ ಸಲವೂ ಬೇರೆ ಕಡೆ ನೋಡಿದರು.

ಏಳೂ ತಿರುವುಗಳನ್ನು ನಾನೇ ಇಳಿಸಿದೆ. ರೇಡಿಯೇಟರ್ ಕುದಿಯಲಿಲ್ಲ. ಬುಡದಲ್ಲಿ ದಾರಿ ಚಪ್ಪಟೆಯಾಗುವ ಕಡೆ ಒಂದು ಆಲದ ಮರ ಇತ್ತು, ಅದರ ನೆರಳಿನಲ್ಲಿ ನಿಲ್ಲಿಸಿ ಕೀಲಿ ಅವರ ಕೈಯಲ್ಲಿಟ್ಟೆ. ಟಪಾಲು ಹೊತ್ತು ಬರುವ ಮಾದಯ್ಯನ ಜೊತೆ ಏರಿಕೊಂಡು ಹೋಗುತ್ತೇನೆ ಅಂದೆ. ಅವರು ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು, ಬರ್ತೀನಿ ಅಂದರು. ಆ ಚಪ್ಪಟೆ ದಾರಿಯಲ್ಲಿ ಜೀಪು ಹೊರಟಿತು. ಎರಡನೆಯದು, ಮೂರನೆಯದು, ಆಮೇಲೆ ಒಂದು ಕ್ಷಣ ತಡೆದು ಇನ್ನೊಂದು ಗೇರು ಬಿತ್ತು. ಅದು ನಾಲ್ಕನೆಯದಿರಬೇಕು. ಇಂಜಿನ್ನಿನ ಏದುಸಿರೆಲ್ಲ ನಿಂತು ತೆಳುವಾದ, ಹಗುರಾದ ಒಂದು ಸದ್ದು ಮಾತ್ರ ಉಳಿಯಿತು. ನಾನು ಕಣ್ಣು ಮುಚ್ಚಿ ಕೇಳಿದೆ. ಅದು ನನ್ನ ಜೀಪು ಅಂತ ಯಾರಾದರೂ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.